ಮುಸುಕಿಲ್ಲದ ಕೊಡ

ನಮ್ಮ ಮನೆಯಲ್ಲಿ ಈಗ ಬಾಣಂತನ ನಡೆದಿದೆ. ಮಗಳು ಗಂಡು ಹೆತ್ತಿದ್ದಾಳೆ. ನನಗಿದು ಮೊದಲನೆಯ ಮೊಮ್ಮಗ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಓಣಿಗೆಲ್ಲ ಸಕ್ಕರೆ ಹಂಚಿ ಮುಗಿಸಿ, ಕೊಟ್ಟವರಿಗೇ ಎರಡನೇ ಸಲ ಕೊಟ್ಟು, ಮಗಳ ಕೈಲಿ ಬೈಸಿಕೊಂಡಿದ್ದೇನೆ. ಮಧ್ಯಾಹ್ನ ತಾಯಿ ಮಗು ಮಲಗಿದಾಗ ಸುಮ್ಮನೆ ಕೂಡುವುದಕ್ಕಾಗದೆ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ನೀವೇ ಸರಿ ಮಾಡಿಕೊಂಡು ಓದಬೇಕು.

ನಿನ್ನೆ ಮಗಳು ಕೇಳಿದಳು, "ಯವ್ವಾ, ನಾ ಹುಟ್ಟಿದಾಗ ಅಜ್ಜಿ ನಿನ್ನ ಬಾಣಂತನ ಹೆಂಗ ಮಾಡಿದ್ಲು? ನಿನ್ನ ಕೈಲೆ ನೀರೂ ಮುಟ್ಟತಿದ್ದಿಲ್ಲಂತಲ್ಲ?"

"ಮಾಡಿದ್ಲು ಹೆಂಗೋ. ಮಲಕ್ಕೋ ನೀನು," ಎಂದೆ. ಬಾಣಂತಿಗೆ ಅಷ್ಟು ದೊಡ್ಡ ಕತೆ ಹೇಳಿ ನಿದ್ದೆ ಕೆಡಿಸಬಾರದು. ಅದಕ್ಕೇ ಇಲ್ಲಿ ಬರೆದಿಡುತ್ತೇನೆ.

ನಾನು ಹುಟ್ಟಿದ್ದು ಕುರುಗೋಡಿನಲ್ಲಿ, ನೇಮಸ್ಥರ ಮನೆಯಲ್ಲಿ. ನಾವೂ ಶಿವನನ್ನು ನಂಬಿದವರೇ, ಆದರೆ ನಮ್ಮ ಗುಂಪು ಬೇರೆ, ಬಹಳ ಸಣ್ಣದು. ಕುರುಗೋಡಿನಲ್ಲಿ ಒಂದು ಓಣಿ, ಬಾದನಹಟ್ಟಿಯಲ್ಲಿ ನಾಲ್ಕಾರು ಮನೆ, ಸಿರುಗುಪ್ಪದಲ್ಲಿ ಇನ್ನೊಂದು ಓಣಿ, ಬಳ್ಳಾರಿಯಲ್ಲಿ ಒಂದೇ ಒಂದು ಮನೆ. ಮದುವೆ ಮುಂಜಿ ಎಲ್ಲ ಅಷ್ಟರೊಳಗೇ. ನಮ್ಮ ನೇಮ ನೀರಿನದು. ಕುಡಿಯುವ ನೀರಿನ ಮೇಲೆ ಹೊರಗಿನವರ ಕಣ್ಣು ಬೀಳಬಾರದು. ನಸುಕಿನಲ್ಲಿ ಎದ್ದು, ನಮ್ಮದೇ ಬಾವಿಯಲ್ಲಿ ಸೇದಿ, ಕೊಡದ ಬಾಯಿಗೆ ಕೆಂಪು ಬಟ್ಟೆ ಬಿಗಿದು, ದಾರಿಯಲ್ಲಿ ಯಾರ ಜೊತೆಗೂ ಮಾತಾಡದೆ ತರಬೇಕು. ಬಟ್ಟೆ ಸರಿದು ಯಾರಾದರೂ ಇಣುಕಿದರೋ, ಅಲ್ಲೇ ಚೆಲ್ಲಿ ಮತ್ತೆ ಬಾವಿಗೆ ಹೋಗಬೇಕು. ಹೊರಗಿನವರ ಮನೆಯಲ್ಲಿ ಒಂದು ಗುಟುಕು ನೀರು ಮುಟ್ಟುವಂತಿಲ್ಲ. ಊರವರು ನಮ್ಮನ್ನು ಮುಸುಕಿನ ಕೊಡದ ಮಂದಿ ಅನ್ನುತ್ತಿದ್ದರು. ಹುಡುಗರು ಹಿಂದಿನಿಂದ ಬಂದು, "ಕೊಡದಾಗ ಏನೈತಿ? ಮೊಸಳಿ ಮರಿ ಐತೇನು?" ಎಂದು ಕೂಗುತ್ತಿದ್ದರು. ನಾವು ಮಾತಾಡುವಂತಿರಲಿಲ್ಲವಲ್ಲ, ಹಲ್ಲು ಕಡಿದುಕೊಂಡು ನಡೆಯುತ್ತಿದ್ದೆವು.

ನನ್ನ ಓದು ಮೂರನೇ ಕ್ಲಾಸಿಗೆ ನಿಂತದ್ದೂ ನೀರಿನಿಂದಲೇ. ಸಾಲೆಯಲ್ಲಿ ಮಣ್ಣಿನ ಗಡಿಗೆ ಇತ್ತು, ಎಲ್ಲ ಮಕ್ಕಳೂ ಅದರಲ್ಲೇ ಕುಡಿಯುತ್ತಿದ್ದರು. ನಾನು ಮಾತ್ರ ನೀರಡಿಸಿದಾಗಲೆಲ್ಲ ಮನೆಗೆ ಓಡಬೇಕು. ಕುರುಗೋಡಿನ ಬೇಸಿಗೆ ಕಂಡವರಿಗೇ ಗೊತ್ತು, ಸುತ್ತ ಬರೀ ಕಲ್ಲಿನ ಗುಡ್ಡ, ಕಾದ ಹಂಚಿನ ನಡುವೆ ಊರು ಇಟ್ಟ ಹಾಗೆ. ಒಂದು ದಿನ ಓಡುವಾಗ ಕಣ್ಣಿಗೆ ಕತ್ತಲೆ ಕಟ್ಟಿ ದಾರಿಯಲ್ಲೇ ಬಿದ್ದೆ. ಅವ್ವ, "ಸಾಲಿ ಸಾಕು, ಮಗಳು ಇದ್ರ ಸಾಕು," ಎಂದಳು. ನನಗೇನೂ ಅಂಥ ದುಃಖ ಆಗಲಿಲ್ಲ. ಮಗ್ಗಿ ಬಾಯಿಗೆ ಬರುತ್ತಿರಲಿಲ್ಲ.

ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದ. ಅವ್ವನಿಗೆ ನಾನೊಬ್ಬಳೇ, ನನಗೆ ಅವ್ವ ಒಬ್ಬಳೇ. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ರೂಪನಗುಡಿಯಲ್ಲಿ ಹೊಲ ಮಾಡಿಕೊಂಡು ನೇಮ ಬಿಟ್ಟಿದ್ದ. ಬಿಟ್ಟವರನ್ನು ನಮ್ಮವರು ಬೈಯುತ್ತಿರಲಿಲ್ಲ, ಮನೆಗೆ ಬರಬೇಡ ಅನ್ನುತ್ತಲೂ ಇರಲಿಲ್ಲ. ಬಂದರೆ ಜಗಲಿಯ ಮೇಲೆ ಕೂಡಿಸಿ ಊಟ ಬಡಿಸುತ್ತಿದ್ದರು, ಹೊಸ್ತಿಲು ದಾಟಿಸುತ್ತಿರಲಿಲ್ಲ. ಅವರು ಮುಟ್ಟಿದ ನೀರು ಕುಡಿಯುತ್ತಿರಲಿಲ್ಲ. ಇಷ್ಟೇ ಶಿಕ್ಷೆ. ಮಾವ ಹಬ್ಬಕ್ಕೆ ಬಂದು ಜಗಲಿಯ ಮೇಲೆ ಉಣ್ಣುತ್ತ ನಗುನಗುತ್ತಲೇ ಮಾತಾಡುತ್ತಿದ್ದ. ಅವ್ವ ಬಡಿಸಿ ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಅದನ್ನು ನೋಡುತ್ತ ಬೆಳೆದವಳು ನಾನು.

ದೊಡ್ಡ ಯುದ್ಧ ನಡೆದ ಕಾಲಕ್ಕೆ ನನ್ನನ್ನು ಸಿರುಗುಪ್ಪಕ್ಕೆ ಕೊಟ್ಟರು. ಅದೂ ನೇಮಸ್ಥರ ಮನೆಯೇ. ನಮ್ಮ ಮನೆಯವರು ದರ್ಜಿ ಕೆಲಸ ಕಲಿತಿದ್ದರು. ಅತ್ತೆ ನಸುಕಿನಲ್ಲಿ ನನ್ನನ್ನು ಹೊಳೆಗೆ ಕರೆದುಕೊಂಡು ಹೋಗುತ್ತಿದ್ದಳು. ತುಂಗಭದ್ರೆ ಕಣ್ಣಿಗೆ ಹಬ್ಬದ ಹಾಗೆ ಹರಿಯುತ್ತಿದ್ದರೂ ನಾವು ಅದರಲ್ಲಿ ಕೊಡ ಮುಳುಗಿಸುವಂತಿಲ್ಲ. ಹೊಳೆಯನ್ನು ಎಲ್ಲರೂ ನೋಡುತ್ತಾರಲ್ಲ! ದಂಡೆಯ ಉಸುಕಿನಲ್ಲಿ ಕೈಯಿಂದ ಗುಂಡಿ ತೋಡಬೇಕು, ಒರತೆ ನೀರು ತುಂಬುವವರೆಗೆ ಕಾಯಬೇಕು, ಬಟ್ಟಲಿನಿಂದ ತುಂಬಿಕೊಂಡು ಗುಂಡಿ ಮುಚ್ಚಿ ಬರಬೇಕು.

ಹೊಸದಾಗಿ ಹೋದಾಗ ಕೇಳಿದ್ದೆ, "ಅತ್ತೀ, ಒರತಿ ನೀರೂ ಹೊಳೀ ನೀರ ಅಲ್ಲೇನ್ರಿ?"

"ಉಸುಕಿನ ಕೆಳಗ ಹಾದು ಬಂದ್ರ ಅದು ಬ್ಯಾರೆ."

"ಉಸುಕಿಗೆ ಹೆಂಗ ಗೊತ್ತಾಗತೈತ್ರಿ, ಯಾರು ನೋಡಿದ ನೀರು, ಯಾರು ನೋಡದ ನೀರು ಅಂತ?"

"ನಿನ್ನ ಬಾಯಿಗೂ ಒಂದು ಕೆಂಪು ಬಟ್ಟಿ ಕಟ್ಟಬೇಕು ನೋಡು," ಎಂದು ಅತ್ತೆ ನಕ್ಕಳು. ಒಳ್ಳೆಯ ಹೆಂಗಸು. ನಾನೂ ನಕ್ಕು ಸುಮ್ಮನಾದೆ. ಆಗ ನನಗೆ ಸಂಶಯ ಗಿಂಶಯ ಏನೂ ಇರಲಿಲ್ಲ, ಬರೀ ಬಾಯಿಬಡುಕತನ.

ವರ್ಷಕ್ಕೊಮ್ಮೆ ನೇಮಸ್ಥರೆಲ್ಲ ಒಂದು ಕಡೆ ಕೂಡುತ್ತಿದ್ದರು. ಕುರುಗೋಡಿನಿಂದ ನಮ್ಮ ಗುಂಪಿಗೆಲ್ಲ ಹಿರಿಯನಾದ ಹಿರಿಯಜ್ಜ ಬಂದು, ಒಂದೊಂದು ಊರಿನವರೂ ತಂದಿಟ್ಟ ಕೊಡದ ನೀರು ರುಚಿ ನೋಡುತ್ತಿದ್ದ. ಬಿಳಿ ಗಡ್ಡ, ತಲೆಗೆ ಬಿಳಿ ಪಟಗ. ಅವನು ನೀರನ್ನು ಒಂದು ಗುಟುಕು ಕುಡಿದರೆ ಸಾಕು, ಕಣ್ಣು ಬಿದ್ದ ನೀರೋ ಬೀಳದ ನೀರೋ ಹೇಳಿಬಿಡುತ್ತಾನೆ ಅಂತ ಎಲ್ಲರ ನಂಬಿಕೆ. ಎಲ್ಲರಿಗಿಂತ ಹೆಚ್ಚು ನನ್ನ ನಂಬಿಕೆ. ಚಿಕ್ಕಂದಿನಲ್ಲಿ ನಾನು ಕೊಡ ಹೊತ್ತು ಅವನ ಮುಂದೆ ಹಾಯ್ದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ವರ್ಷ ಕೂಟ ಸಿರುಗುಪ್ಪದಲ್ಲಿ ನಮ್ಮ ಮನೆಯಲ್ಲೇ. ಅತ್ತೆ ಅಡುಗೆಯಲ್ಲಿದ್ದಳು, ಒರತೆಗೆ ನಾನೊಬ್ಬಳೇ ಹೋದೆ. ಹೊಳೆಯ ದಂಡೆಯಲ್ಲಿ ನರಪಿಳ್ಳೆ ಇರಲಿಲ್ಲ. ತುಂಬಿ, ಬಟ್ಟೆ ಬಿಗಿದು, ಬತ್ತದ ಗದ್ದೆಗಳ ಬದುವಿನ ಮೇಲೆ ಹಾಯ್ದು ಹಿತ್ತಲ ಬಾಗಿಲಿನಿಂದ ತಂದೆ. ಹೊತ್ತೇರಿದ ಮೇಲೆ ಅತ್ತೆ ಎಲೆ ಅಡಿಕೆ ತರಲು ಸಂತೆಗೆ ಕಳಿಸಿದಳು. ಅಲ್ಲಿ ನೋಡುತ್ತೇನೆ, ಹಿರಿಯಜ್ಜನ ಮಗ ಕುರುಗೋಡಿನಿಂದ ನೀರು ತರುತ್ತಿದ್ದ ಗಾಡಿ ಸಂತೆಯ ನಡುವೆ ಸಿಕ್ಕಿಕೊಂಡಿದೆ. ಎತ್ತು ಬೆದರಿ, ಕೊಡ ವಾಲಿ, ಕೆಂಪು ಬಟ್ಟೆ ಕಳಚಿ ಗಾಲಿಗೆ ಸುತ್ತಿಕೊಂಡಿದೆ. ಬಳೆಗಾರರು, ಚಹಾದಂಗಡಿಯಲ್ಲಿ ಕುಳಿತವರು, ಮೆಣಸಿನಕಾಯಿ ಮಾರುವ ಹೆಂಗಸರು, ಎಲ್ಲರೂ ಎದ್ದು ಬಂದು ಕೊಡದೊಳಗೆ ಇಣುಕಿದರು. ಎಷ್ಟು ವರ್ಷದ ಆಸೆಯೋ ಏನೋ ಪಾಪ.

ಒಬ್ಬ ಹೇಳಿದ, "ಥೂ, ಬರೀ ನೀರ ಐತಲ್ಲೋ!"

"ಮತ್ತೇನಿರಬೇಕಿತ್ತಲೇ, ಪಾಯಸಾನಾ?" ಎಂದ ಇನ್ನೊಬ್ಬ.

ಹಿರಿಯಜ್ಜನ ಮಗ ಬೆವರು ಒರೆಸಿಕೊಳ್ಳುತ್ತ ಬಟ್ಟೆ ಬಿಡಿಸಿ, ಝಾಡಿಸಿ, ಮತ್ತೆ ಬಿಗಿದು ಗಾಡಿ ಹೊಡೆದ. ನಾನು ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಹೇಳುವುದೇನಿದೆ? ಅಜ್ಜನಿಗೆ ಗುಟುಕಿಗೇ ಗೊತ್ತಾಗುತ್ತದಲ್ಲ! ಅವನು ಮುಖ ಕಿವಿಚಿ ಉಗುಳುವುದನ್ನು ನೋಡಲು ನಾನು ಬಾಗಿಲ ಸಂದಿಯಲ್ಲಿ ನಿಂತೆ.

ಅಜ್ಜ ಮೊದಲು ಗಾಡಿಯ ಕೊಡದ ನೀರು ಕುಡಿದ. ಕಣ್ಣು ಮುಚ್ಚಿದ. ಗಡ್ಡ ನೀವಿಕೊಂಡು, "ಆಹಾ, ಇದಕ್ಕ ಗಾಳೀನೂ ಸೋಕಿಲ್ಲ," ಎಂದ. ಎಲ್ಲರೂ ಕೈ ಮುಗಿದರು. ಆಮೇಲೆ ನನ್ನ ಕೊಡದ ನೀರು ಕುಡಿದ. ಹುಬ್ಬು ಗಂಟಿಕ್ಕಿದ. "ಇದರ ಮ್ಯಾಲ ಕಣ್ಣು ಬಿದ್ದೈತಿ. ಒಂದಲ್ಲ, ಭಾಳ ಕಣ್ಣು."

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಕೊಡವನ್ನು ಒಯ್ದು ಹಿತ್ತಲ ನುಗ್ಗೆ ಗಿಡಕ್ಕೆ ಸುರಿದಳು. ನನಗೆ ನಗು ಬಂತು. ತಡೆಯಲಾಗದ ನಗು. ಸೆರಗು ಬಾಯಿಗೆ ತುರುಕಿಕೊಂಡು ಮೂಲೆಗೆ ಕೂತು ಮೈಯೆಲ್ಲ ಕುಲುಕಿಸಿ ನಕ್ಕೆ. ನಾನು ಅಳುತ್ತಿದ್ದೇನೆ ಅಂತ ತಿಳಿದು ಹೆಂಗಸರೆಲ್ಲ ಬಂದು ಬೆನ್ನು ಸವರಿದರು. "ಇರಲಿ ಬಿಡವ್ವ, ಹುಡುಗಿ ಅದೀ, ಕಲೀತಿ," ಎಂದರು. ಅದಕ್ಕೆ ಇನ್ನಷ್ಟು ನಗು.

ಅಜ್ಜ ಮೋಸಗಾರನೇನೂ ಅಲ್ಲ. ಅವನಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ನನಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ. ಆದರೆ ಚಿಕ್ಕಂದಿನಿಂದ ಎದೆಯೊಳಗೆ ಕೂತಿದ್ದ ಹೆದರಿಕೆ ಆ ನಗುವಿನ ಜೊತೆಗೆ ಎದ್ದು ಹೋಯಿತು. ಆಮೇಲೂ ನಾನು ಒರತೆಗೆ ಹೋಗುತ್ತಿದ್ದೆ, ಬಟ್ಟೆ ಕಟ್ಟುತ್ತಿದ್ದೆ, ಮಾತಾಡದೆ ಬರುತ್ತಿದ್ದೆ. ಮನಸ್ಸು ಮಾತ್ರ ಬೇರೆ ಎಲ್ಲೋ ಇರುತ್ತಿತ್ತು.

ಅತ್ತೆ ತೀರಿಕೊಂಡ ಮೇಲೆ ನಾವು ಬಳ್ಳಾರಿಗೆ ಬಂದೆವು. ಕೌಲ್ ಬಜಾರಿನ ಕಡೆ ದಂಡಿನವರ ಬಟ್ಟೆ ಹೊಲಿಯುವ ಕೆಲಸ ಬೇಕಾದಷ್ಟಿತ್ತು. ಒಂದು ವಠಾರದಲ್ಲಿ ಕೋಣೆ ಹಿಡಿದೆವು. ಅಂಗಳದಲ್ಲೇ ಬಾವಿ, ಆದರೆ ಅದು ಎಲ್ಲರ ಬಾವಿ. ನಾನು ನಸುಕಿನಲ್ಲಿ ಊರ ಆ ತುದಿಯ ನೇಮಸ್ಥರ ಮನೆಗೆ ಹೋಗಿ ನೀರು ತರಬೇಕು. ಪಕ್ಕದ ಕೋಣೆಯಲ್ಲಿ ತೆಲುಗಿನವಳೊಬ್ಬಳು ಇದ್ದಳು. ನಾನು ಏದುಸಿರು ಬಿಡುತ್ತ ಬರುವಾಗ ಅವಳು ಬಾವಿಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತ, "ಏಮಮ್ಮಾ, ನಿಮ್ಮ ಬಾವಿನಾಗ ಸಕ್ಕರಿ ಬೆರೆಸ್ಯಾರೇನು?" ಎಂದು ದಿನಾ ಕೇಳುತ್ತಿದ್ದಳು. ನಾನು ಮಾತಾಡುವಂತಿಲ್ಲ, ತಲೆ ಅಲ್ಲಾಡಿಸುತ್ತಿದ್ದೆ.

ಒಂದು ದಿನ ನಸುಕಿನಲ್ಲಿ ಎದ್ದೆ, ಕೊಡ ತೆಗೆದುಕೊಂಡೆ, ಅಂಗಳಕ್ಕೆ ಬಂದೆ. ಹೊರಗೆ ಹೋಗುವ ಬಾಗಿಲ ಕಡೆಗೆ ಕಾಲು ಏಳಲಿಲ್ಲ. ಬಾವಿಗೆ ಹಗ್ಗ ಬಿಟ್ಟೆ. ಸೇದಿದೆ. ಬಟ್ಟೆ ಕಟ್ಟಲಿಲ್ಲ. ತೆಲುಗಿನವಳು ಬಾಯಿ ತುಂಬ ಹಲ್ಲುಪುಡಿ ಇಟ್ಟುಕೊಂಡು ಕೊಡವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು, ಏನೂ ಕೇಳಲಿಲ್ಲ. ನಾನೇ, "ಬಿಸಲು ಆಗತೈತಿ ನೋಡು, ದೂರ ಹೋಗಾಕ ಆಗಂಗಿಲ್ಲ," ಎಂದೆ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಒಳಗೆ ಬಂದು ಒಂದು ತಂಬಿಗೆ ಕುಡಿದೆ. ಸ್ವಲ್ಪ ಸವಳು, ಉಪ್ಪುಪ್ಪು. ಮತ್ತೇನೂ ಆಗಲಿಲ್ಲ.

ಸಂಜೆ ನಮ್ಮ ಮನೆಯವರು ಬಂದು ನೀರು ಕೇಳಿದರು. ಕೊಟ್ಟೆ. ಕುಡಿದು ತಂಬಿಗೆಯನ್ನೇ ನೋಡುತ್ತ ಕುಳಿತರು.

"ಇದು ವಠಾರದ ಬಾವಿ ನೀರಲ್ಲೇನು?"

ನಾನು ಕೊಡಕ್ಕೆ ಅಡ್ಡ ನಿಂತೆ. "ನಿಮಗ ಹೆಂಗ ಗೊತ್ತಾತ್ರಿ?"

"ನಮ್ಮ ಅಂಗಡಿ ಗಡಿಗಿಗೆ ಇಲ್ಲಿಂದನ ತರತಾರ. ಇದ ಸವಳು."

"ಗಡಿಗಿ ನೀರಿನ ರುಚಿ ನಿಮಗ ಹೆಂಗ ಗೊತ್ತು ಅಂತ ಕೇಳಿದೆ ನಾನು."

ಅವರು ತಲೆ ಕೆರೆದುಕೊಂಡರು. ದಾರ ಕಡಿದು ಕಡಿದು ಸವೆದ ಹಲ್ಲು ಕಾಣುವಂತೆ ನಕ್ಕರು. ಬಳ್ಳಾರಿಗೆ ಬಂದ ಮೊದಲ ವಾರದಿಂದಲೂ ಅಂಗಡಿಯ ಗಡಿಗೆಯಲ್ಲೇ ಕುಡಿಯುತ್ತಿದ್ದರಂತೆ! ನಾನು ಊರ ಆ ತುದಿಯಿಂದ ಹೊತ್ತು ತಂದ ನೀರನ್ನು ಮನೆಯಲ್ಲಿ ಭಕ್ತಿಯಿಂದ ಕುಡಿಯುವುದು, ಅಂಗಡಿಗೆ ಹೋಗಿ ಗಡಿಗೆಯ ನೀರು. "ನಿನಗ ಬ್ಯಾಸರ ಆಗತೈತಿ ಅಂತ ಹೇಳಲಿಲ್ಲ," ಎಂದರು. "ನನ್ನ ಸೊಂಟ ಮುರದು ಹೋಗತಿತ್ತಲ್ಲ, ಅದಕ್ಕ ಬ್ಯಾಸರ ಇಲ್ಲೇನು?" ಎಂದು ತಂಬಿಗೆಯಲ್ಲಿ ಉಳಿದ ನೀರು ಅವರ ಮೇಲೆ ಚೆಲ್ಲಿದೆ. ಹೀಗೆ ನಾವು ನೇಮ ಬಿಟ್ಟೆವು. ಯಾರ ಮುಂದೆಯೂ ಸಾರಲಿಲ್ಲ, ಯಾರ ಜೊತೆಗೂ ಜಗಳವಾಡಲಿಲ್ಲ. ಕೆಂಪು ಬಟ್ಟೆಯಿಂದ ಅವರು ಮಷಿನ್ ಒರೆಸತೊಡಗಿದರು.

ಆದರೆ ಅವ್ವ? ಆ ನೇಮಸ್ಥರ ಮನೆಯವರು ನಾಲ್ಕು ದಿನ ನನ್ನನ್ನು ಕಾಣದೆ ಹೋದರೆ ಸುದ್ದಿ ಕುರುಗೋಡಿಗೆ ಹೋಗದೆ ಇರುತ್ತದೆಯೆ? ಬಾದನಹಟ್ಟಿಯ ಒಬ್ಬರು ಬಟ್ಟೆ ಹೊಲಿಸಲು ಬಂದಾಗ ಹೇಳಿದರು, "ನಿಮ್ಮವ್ವಗ ಗೊತ್ತಾಗೈತವ್ವ. ಏನೂ ಅನ್ನಲಿಲ್ಲ. ಸುಮ್ಮನ ಕೇಳಿಸಿಕೊಂಡು ಒಳಗ ಹೋದ್ಲು."

ಆಗ ನಾನು ಬಸುರಿ. ಮೊದಲನೆಯ ಹೆರಿಗೆಗೆ ತವರಿಗೆ ಹೋಗಬೇಕು. ಹೋದರೆ ಅವ್ವ ನನಗೂ ಜಗಲಿಯ ಮೇಲೆ ಬಡಿಸುತ್ತಾಳಾ? ದೇವರಿಗೆ ನಾನು ಹೆದರಲಿಲ್ಲ, ಹಿರಿಯಜ್ಜನಿಗೆ ಹೆದರಲಿಲ್ಲ, ಇದೊಂದಕ್ಕೆ ಹೆದರಿದೆ. ಅವಳು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡುವುದನ್ನು ಜಗಲಿಯಿಂದ ನೋಡುವ ಶಕ್ತಿ ನನಗಿರಲಿಲ್ಲ. ಕರೆದರೂ ಹೋಗುವುದಿಲ್ಲ ಎಂದು ಕೂತೆ. ಅವ್ವ ಕರೆಯಲೂ ಇಲ್ಲ. ತಾನೇ ಬಂದಳು.

ಇದ್ದಿಲು ಸುಟ್ಟು ಓಡಿಸುವ ಬಸ್ಸು ಆಗ. ಅದರಲ್ಲಿ ಕೆಂಪು ಬಟ್ಟೆ ಕಟ್ಟಿದ ಕೊಡ ತೊಡೆಯ ಮೇಲೆ ಇಟ್ಟುಕೊಂಡು ಕುರುಗೋಡಿನಿಂದ ಬಳ್ಳಾರಿವರೆಗೆ ಬಂದಿದ್ದಳು. ಕಂಡಕ್ಟರು, "ಯವ್ವಾ, ಕೊಡಕ್ಕೂ ಟಿಕೀಟು ತಗೋ," ಎಂದನಂತೆ. "ತೊಡಿ ಮ್ಯಾಲ ಕುಂತ ಕೂಸಿಗೆ ಟಿಕೀಟು ಎಲ್ಲೈತೋ ಯಪ್ಪಾ?" ಎಂದು ಇವಳು. ಬಸ್ಸಿನವರೆಲ್ಲ ನಕ್ಕರಂತೆ. ಇದನ್ನು ಬಾಗಿಲಲ್ಲಿ ನಿಂತೇ ಹೇಳಿ ಮುಗಿಸಿದಳು. ನೇಮದ ಮಾತೇ ಎತ್ತಲಿಲ್ಲ. ಕೋಣೆಯ ಒಂದು ಮೂಲೆ ನೋಡಿ, ಅಲ್ಲಿ ಕೊಡ ಇಟ್ಟು, ಹಳೇ ಸೀರೆ ಅಡ್ಡ ಕಟ್ಟಿದಳು. "ಆ ಮೂಲಿ ಕಡೆ ನೋಡಬ್ಯಾಡ," ಎಂದಳು, ಅಷ್ಟೇ. ಮರುದಿನದಿಂದ ಊರ ಆ ತುದಿಯ ಮನೆಗೆ ತಾನೇ ನಡೆದು ತನ್ನ ನೀರು ತಂದುಕೊಂಡಳು. ನನಗೆ ಮಾತ್ರ ವಠಾರದ ಬಾವಿಯಿಂದ ಕೊಡಗಟ್ಟಲೆ ಸೇದಿ ಕಾಯಿಸಿ ಎರೆದಳು. ನಾನು ಅವಳಿಗೆ ಒಂದು ತಂಬಿಗೆ ನೀರು ಕೊಡುವಂತಿರಲಿಲ್ಲ. ಹೆತ್ತ ತಾಯಿ ನನ್ನ ಕಣ್ಣೆದುರೇ ಬೆವರು ಹರಿಸುತ್ತ ದುಡಿಯುತ್ತಿದ್ದರೂ ನಾನು ನೀರು ಬೇಕಾ ಅಂತ ಕೇಳುವಂತಿಲ್ಲ. ಜಗಲಿಯೇನು, ನನ್ನ ಮನೆಯೊಳಗೇ ನನಗೆ ಜಗಲಿ ಬಂದ ಹಾಗಾಗಿತ್ತು.

ಮಗಳು ಹುಟ್ಟಿದಳು. ಹಗಲಿರುಳು ಅಳುವ ಕೂಸು. ಒಂದು ಮಧ್ಯಾಹ್ನ ಅವ್ವ ಎಣ್ಣೆ ಹಚ್ಚಿ ಎರೆದು, ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು ತಟ್ಟಿ ತಟ್ಟಿ, ಅಂತೂ ಕೂಸು ಕಣ್ಣು ಮುಚ್ಚಿತು. ಅವ್ವನ ತುಟಿ ಒಣಗಿ ಬಿರಿದಿತ್ತು. ಬಳ್ಳಾರಿಯ ಬಿಸಿಲು ಹೊರಗೆ ಕಲ್ಲು ಸುಡುತ್ತಿತ್ತು. ಕಾಲು ಅಲ್ಲಾಡಿಸಿದರೆ ಕೂಸು ಏಳುತ್ತದೆ. ಅವ್ವ ಮೂಲೆಯ ಸೀರೆಯ ಕಡೆ ನೋಡಿದಳು, ಕೂಸನ್ನು ನೋಡಿದಳು, ಆಮೇಲೆ ನನ್ನನ್ನು.

"ಲೇ, ನೀರಡಿಕಿ ಆಗೈತಿ."

"ಕೂಸಿನ್ನ ನಾ ತಗೊಳ್ಳೇನವ್ವಾ?"

"ಮುಟ್ಟಬ್ಯಾಡ, ಈಗ ಮಲಗ್ಯಾಳ, ಎದ್ರ ನಿನ್ನ ಕೊಂದಬಿಡ್ತೀನಿ." ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡಳು. ಆಮೇಲೆ ಪಿಸುಗುಟ್ಟಿದಳು, "ನೇಮ ಏನೈತಿ? ನೀರಿನ ಮ್ಯಾಲ ಕಣ್ಣು ಬೀಳಬಾರದು ಅಂತ ಐತಿ, ಹೌದಿಲ್ಲೋ? ಕೈ ಬೀಳಬಾರದು ಅಂತ ಎಲ್ಲೈತಿ? ನೀ ಕಣ್ಣು ಮುಚ್ಚಿಕೊಂಡು ತಂದು ಕೊಡು."

ನಾನು ಕಣ್ಣು ಮುಚ್ಚಿದೆ. ಗೋಡೆ ಹಿಡಿದು ನಡೆದೆ. ಸೀರೆ ಸರಿಸಿ, ಬಟ್ಟೆ ಬಿಚ್ಚಿ, ತಂಬಿಗೆ ಅದ್ದಿ, ಎಡಗೈ ಮುಂದೆ ಮಾಡಿಕೊಂಡು ಬಂದೆ. "ಇಲ್ಲೇ, ಇಲ್ಲೇ. ಇನ್ನೊಂದೀಟು ಬಾ. ಬಗ್ಗು," ಎಂದು ಅವ್ವ ದಾರಿ ಹೇಳಿದಳು. ತಂಬಿಗೆಯನ್ನು ಅವಳ ಬಾಯಿಗೆ ಹಿಡಿದೆ ಅಂದುಕೊಂಡೆ, ಹಿಡಿದದ್ದು ಮೂಗಿಗೆ. ನೀರು ಕೊರಳಿನಿಂದ ಇಳಿದು ಎದೆಯೆಲ್ಲ ತೊಯ್ದಿತು. ಅವ್ವನಿಗೆ ನಗು, ನಗುವಂತಿಲ್ಲ, ಕೂಸು ಏಳುತ್ತದೆ. ನುಂಗಿದ ನಗುವಿನ ನಡುವೆಯೇ ಗಟಗಟ ಕುಡಿಯುವ ಸದ್ದು ಕೇಳಿಸಿತು. ಎಷ್ಟೋ ವರ್ಷ ಕಳೆದಿವೆ, ಆ ಸದ್ದು ನನ್ನ ಕಿವಿಯಲ್ಲೇ ಇದೆ. ನನ್ನ ಮುಚ್ಚಿದ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು.

ಅಲ್ಲಿಂದ ಮುಂದೆ ಅವ್ವನಿಗೆ ದಿನಾ ಮಧ್ಯಾಹ್ನ ನೀರಡಿಕೆ. ಕೂಸು ತೊಟ್ಟಿಲಲ್ಲಿದ್ದರೂ ಅವಳಿಗೆ ಏಳಲಾಗದು.

ಬಾಣಂತನ ಮುಗಿಸಿ ಅವ್ವ ಕುರುಗೋಡಿಗೆ ಮರಳಿದಳು. ಕೂಸಿಗೆ ಐದು ತಿಂಗಳು ತುಂಬಿದಾಗ ಹೇಳಿಕಳಿಸಿದಳು, ಕರೆದುಕೊಂಡು ಬರ್ರಿ ಅಂತ. ನಾವಿಬ್ಬರೂ ಹೋದೆವು. ಹೊತ್ತು ಗುಡ್ಡದ ಹಿಂದೆ ಇಳಿದಿತ್ತು. ದಾರಿಯುದ್ದಕ್ಕೂ ನಾನು ಒಂದನ್ನೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಬಳ್ಳಾರಿಯ ಕೋಣೆ ಬೇರೆ, ಕುರುಗೋಡಿನ ಓಣಿ ಬೇರೆ. ಇಲ್ಲಿ ಎಲ್ಲರೂ ನೋಡುತ್ತಾರೆ. ಅವ್ವನ ಬಾಯಲ್ಲಿ ಆ ಮಾತು ಬರುವುದು ಬೇಡ, ನಾನೇ ಕೂತುಬಿಟ್ಟರೆ ಮುಗಿಯಿತು. ಹೋದವಳೇ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕುಳಿತೆ. ನಮ್ಮ ಮನೆಯವರೂ ಪಕ್ಕದಲ್ಲಿ ಕುಳಿತರು. ಎದುರು ಕಟ್ಟೆಯ ಮೇಲೆ ಹಿರಿಯಜ್ಜ ಇದ್ದ.

ಅವ್ವ ಬಾಗಿಲಿಗೆ ಬಂದಳು. "ಅಲ್ಲ್ಯಾಕ ಕುಂತಿ?"

"ಇರಲಿ ಬಿಡವ್ವಾ."

ಹಿರಿಯಜ್ಜ ಅಲ್ಲಿಂದಲೇ ಕೇಳಿದ, "ಏನಬೇ, ಬಳ್ಳಾರ್ಯಾಗ ಮಗಳ ಕೈಲೆ ನೀರು ಕುಡದಿಯಂತಲ್ಲ?" ಬೈಗುಳದ ದನಿಯಲ್ಲ, ತಿಳಿದುಕೊಳ್ಳುವ ದನಿ.

"ಕುಡದೀನ್ರಿ ಅಜ್ಜಾರ."

"ಆಕಿ ಕಣ್ಣು ಬಿದ್ದಿದ್ದಿಲ್ಲೇನು ಅದರ ಮ್ಯಾಲ?"

"ಆಕಿ ಮುಚ್ಚಿಕೊಂಡಿದ್ಲು. ನಾನೂ ಮುಚ್ಚಿಕೊಂಡಿದ್ದೆ. ಕೂಸು ನಿದ್ದಿ ಹೊಡೀತಿತ್ತು. ಇನ್ನ ನೋಡಿದವರು ಯಾರು ಹೇಳ್ರಿ ನೀವ."

ಅವ್ವನೂ ಕಣ್ಣು ಮುಚ್ಚಿಕೊಂಡಿದ್ದಳೆಂದು ನನಗೆ ಗೊತ್ತಾದದ್ದು ಆಗಲೇ. ಮತ್ತೆ ದಾರಿ ಹೇಳಿದ್ದು ಹೇಗೆ? ಅದಕ್ಕೇ ಮೂಗಿಗೆ ಹೋಯಿತೇನೋ!

ಹಿರಿಯಜ್ಜ ಗಡ್ಡ ನೀವಿಕೊಂಡ. ಬಹಳ ಹೊತ್ತು ವಿಚಾರ ಮಾಡಿದ. ಅವನಿಗೆ ನೇಮವೆಂದರೆ ಆಟವಲ್ಲ, ಒಂದು ಕೂದಲು ಆಚೆ ಈಚೆ ಆಗಬಾರದು. ನಾನು ಕೂಸಿನ ಕುಲಾವಿಯ ದಾರವನ್ನು ಕಟ್ಟುವುದು ಬಿಚ್ಚುವುದು ಮಾಡುತ್ತ ಕೂತೆ. ಕೊನೆಗೆ ಅವನು ಹೇಳಿದ, "ಹಂಗಾದ್ರ ನೇಮ ಕೆಟ್ಟಿಲ್ಲ."

"ಕೇಳಿದಿ?" ಎಂದಳು ಅವ್ವ ನನ್ನ ಕಡೆ ತಿರುಗಿ. "ಏಳು, ಒಳಗ ಬಾ. ಜಗಲಿ ಮ್ಯಾಲ ಬಿಸಲು ಭಾಳ, ಕೂಸಿಗೆ ತಡಿಯಂಗಿಲ್ಲ."

ಎಲ್ಲಿಯ ಬಿಸಿಲು? ಓಣಿಯಲ್ಲಿ ದೀಪ ಹಚ್ಚುವ ಹೊತ್ತು. ಹಿರಿಯಜ್ಜನೂ ಒಮ್ಮೆ ತಲೆಯೆತ್ತಿ ಆಕಾಶ ನೋಡಿದ. ಅವ್ವ ನನ್ನ ಕೈಯಿಂದ ಕೂಸನ್ನು ಇಸಿದುಕೊಂಡು ಮುಂದೆ ನಡೆದಳು. ನಾನು ಹಿಂದೆ ನಡೆದೆ, ನನ್ನ ಹಿಂದೆ ನಮ್ಮ ಮನೆಯವರು. ಒಲೆಯ ಮುಂದೆಯೇ ಮಣೆ ಹಾಕಿದಳು. ಬಿಸಿ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಅವಳು ಬಡಿದು ಹಾಕುತ್ತ ಹೋದಳು, ನಾನು ತಿನ್ನುತ್ತ ಹೋದೆ.

"ಸಾಕು ಮಾಡಲೇ," ಎಂದರು ನಮ್ಮ ಮನೆಯವರು ಮೆಲ್ಲಗೆ, "ನಾಳಿಗೂ ಇಲ್ಲೇ ಇರ್ತೀವಿ."